ತಾಯಿಯ ಮಾತ್ರೆಯ ಮಂಪರು

ರಾತ್ರಿ ನುಂಗಬೇಕಾದ ಎರಡು ಮಾತ್ರೆಗಳಲ್ಲಿ ಒಂದನ್ನು ನುಂಗಿ, ಇನ್ನೊಂದನ್ನು ಯಾರಿಗೂ ಕಾಣದಂತೆ ಡಬ್ಬಿಗೆ ಹಿಂದಿರುಗಿಸುವ ತಾಯಂದಿರು ನಮ್ಮಲ್ಲಿ ಇದ್ದಾರೆ. ಮರೆತು ಬಿಡುವವರ ಮಾತು ಬೇರೆ. ನಾನು ಇಂದು ಹೇಳಹೊರಟಿರುವುದು ಲೆಕ್ಕ ಹಾಕಿ ಬಿಡುವವರ ವಿಷಯ. "ಎರಡೂ ತೆಗೆದುಕೊಂಡರೆ ಕಣ್ಣು ಎಳೆದುಕೊಂಡು ಹೋಗುತ್ತದೆ, ನಡುರಾತ್ರಿ ಕೂಸು ಅತ್ತರೆ ನನಗೆ ಕೇಳಿಸುವುದೇ ಇಲ್ಲ" ಎಂಬುದು ಅವರ ಲೆಕ್ಕ. ಬೆಳಗಾದ ಮೇಲೆ ಅತ್ತೆಯವರು, "ಏನಮ್ಮ, ಮಗು ಅಷ್ಟು ಹೊತ್ತು ಕಿರುಚಿದರೂ ನೀನು ಏಳಲಿಲ್ಲವಲ್ಲ" ಎಂದು ಕೇಳಿದರೆ ಅದಕ್ಕೆ ಉತ್ತರವಿಲ್ಲ. ಉತ್ತರ ಹೇಳುವುದಕ್ಕಿಂತ ಒಂದು ಮಾತ್ರೆ ಬಿಡುವುದು ಸುಲಭವೆಂದು ತೋರುತ್ತದೆ.

ಇವರಿಗೆ ಇರುವುದು ಅಪಸ್ಮಾರ. ಮನೆಯಲ್ಲಿ ಮೂರ್ಛೆರೋಗ ಎನ್ನುತ್ತೇವೆ, ಪೇಟೆಯಲ್ಲಿ ಫಿಟ್ಸ್ ಎನ್ನುತ್ತೇವೆ. ಮಿದುಳಿನ ಜೀವಕೋಶಗಳ ನಡುವೆ ಸದಾ ಸಣ್ಣದೊಂದು ವಿದ್ಯುತ್ತು ಹರಿದಾಡುತ್ತಿರುತ್ತದೆ. ಅದು ಕಟ್ಟುಪಾಡು ಮೀರಿ ಒಂದೇ ಸಲಕ್ಕೆ ಹೊಮ್ಮಿದಾಗ ಸೆಳವು ಬರುತ್ತದೆ. ಕೆಲವರು ನೆಲಕ್ಕೆ ಬಿದ್ದು ಕೈಕಾಲು ಬಡಿಯುತ್ತಾರೆ, ಕೆಲವರು ನಾಲ್ಕು ಕ್ಷಣ ಶೂನ್ಯವನ್ನು ನೋಡುತ್ತ ನಿಂತುಬಿಡುತ್ತಾರೆ. ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯೊಂದು 2004ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಸಾವಿರ ಜನರಲ್ಲಿ ಸುಮಾರು ಒಂಬತ್ತು ಮಂದಿಗೆ ಈ ರೋಗವಿತ್ತು. ಹಳ್ಳಿಗಳಲ್ಲಿ ನಗರದ ಎರಡರಷ್ಟು. ಅಂದರೆ ನಿಮ್ಮ ಬೀದಿಯಲ್ಲಿ ಇಲ್ಲದಿದ್ದರೆ ಪಕ್ಕದ ಬೀದಿಯಲ್ಲಿ ಖಂಡಿತ ಇದ್ದಾರೆ. ಸರಿಯಾಗಿ ಔಷಧ ತೆಗೆದುಕೊಂಡರೆ ನೂರರಲ್ಲಿ ಎಪ್ಪತ್ತು ಮಂದಿಯವರೆಗೆ ಸೆಳವಿಲ್ಲದೆ ಬಾಳಬಹುದು. ಸರಿಯಾಗಿ ತೆಗೆದುಕೊಂಡರೆ ಎಂಬಲ್ಲಿಯೇ ತೊಡಕು.

ಈ ರೋಗದ ಔಷಧಗಳ ಇತಿಹಾಸವನ್ನು ಒಂದು ರೀತಿಯಲ್ಲಿ ಮಂಪರಿನ ಇತಿಹಾಸವೆಂದೇ ಹೇಳಬಹುದು. 1857ರಲ್ಲಿ ಲಂಡನ್ನಿನ ಪ್ರಸೂತಿ ವೈದ್ಯ ಸರ್ ಚಾರ್ಲ್ಸ್ ಲೋಕಾಕ್ ಎಂಬುವರು ಪೊಟ್ಯಾಸಿಯಂ ಬ್ರೋಮೈಡನ್ನು ಕೊಟ್ಟು ಸೆಳವು ತಗ್ಗುವುದನ್ನು ವರದಿ ಮಾಡಿದರು. ಅದು ಮೊದಲ ನಿಜವಾದ ಮದ್ದು. ಆದರೆ ಬ್ರೋಮೈಡು ನುಂಗಿದವರು ಮಂದವಾಗುತ್ತಿದ್ದರು, ಮುಖದ ತುಂಬ ಗುಳ್ಳೆ ಏಳುತ್ತಿತ್ತು. 1912ರಲ್ಲಿ ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮನ್ ಎಂಬ ಯುವವೈದ್ಯರು ಫಿನೋಬಾರ್ಬಿಟೋನನ್ನು ಬಳಕೆಗೆ ತಂದರು. ಅವರ ವಾಸ ವಾರ್ಡಿನ ಮೇಲ್ಗಡೆಯೇ ಇತ್ತಂತೆ. ರಾತ್ರಿಯೆಲ್ಲ ರೋಗಿಗಳು ಸೆಳವು ಬಂದು ಬೀಳುವ ಸದ್ದಿಗೆ ಇವರಿಗೆ ನಿದ್ದೆಯಿಲ್ಲ. ಅವರಾದರೂ ಮಲಗಲಿ, ನಾನಾದರೂ ಮಲಗಲಿ ಎಂದು ನಿದ್ದೆಯ ಮದ್ದು ಕೊಟ್ಟರೆ, ಹಗಲಿನ ಸೆಳವೂ ಕಡಿಮೆಯಾಗಿತ್ತು ಎಂದು ಕಥೆ ಹೇಳುತ್ತಾರೆ. ನಿದ್ದೆಯ ಮದ್ದಾಗಿ ಹುಟ್ಟಿದ್ದು ನಿದ್ದೆ ತರುತ್ತದೆಂದು ದೂರುವುದು ಹೇಗೆ? ಆದರೂ ಆ ಮದ್ದು ಇಂದಿಗೂ ಬಳಕೆಯಲ್ಲಿದೆ, ಇದ್ದುದರಲ್ಲಿ ಅಗ್ಗ. ಈಗಿನ ಚಾಮರಾಜನಗರ ಜಿಲ್ಲೆಯ ಯಳಂದೂರಿನ ಹಳ್ಳಿಗಳಲ್ಲಿ ಇದನ್ನೂ ಫೆನಿಟೋಯಿನನ್ನೂ ಕೊಟ್ಟು ಅಪಸ್ಮಾರವನ್ನು ಹಿಡಿತಕ್ಕೆ ತಂದ ಪ್ರಯತ್ನದ ವರದಿ 2001ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದಿತು. ಅಗ್ಗದ ಮದ್ದೆಂದು ಮೂಗು ಮುರಿಯಬೇಕಾಗಿಲ್ಲ.

ಫೆನಿಟೋಯಿನ್ ಬಂದದ್ದು 1938ರಲ್ಲಿ, ಅಮೆರಿಕದ ಪಟ್ನಮ್ ಮತ್ತು ಮೆರಿಟ್ ಎಂಬುವರ ಕೈಯಿಂದ. ನಿದ್ದೆ ಬರಿಸದೆಯೂ ಸೆಳವನ್ನು ತಡೆಯಬಹುದು ಎಂದು ತೋರಿಸಿದ್ದು ಅದರ ಹೆಚ್ಚುಗಾರಿಕೆ. ಅದರ ಬೆಲೆ ಬೇರೆ: ವಸಡು ಊದುವುದು, ಮುಖದ ಮೇಲೆ ರೋಮ ಬೆಳೆಯುವುದು, ಪ್ರಮಾಣ ಮಿತಿ ಮೀರಿದರೆ ನಡೆಯುವಾಗ ತೂರಾಡುವುದು. 1962ರ ಸುಮಾರಿಗೆ ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ, ಬೇರೆ ಮದ್ದುಗಳನ್ನು ಕರಗಿಸಲು ಬಳಸುತ್ತಿದ್ದ ದ್ರವವೇ ಸೆಳವನ್ನು ತಡೆಯುತ್ತದೆಂದು ಆಕಸ್ಮಿಕವಾಗಿ ಗೊತ್ತಾಯಿತು. ಅದೇ ವ್ಯಾಲ್ಪ್ರೋಯೇಟ್. ಇದಕ್ಕೆ ಮೈ ತೂಕ ಏರುತ್ತದೆ, ಕೂದಲು ಉದುರುತ್ತದೆ, ಕೆಲವರಿಗೆ ಕೈ ನಡುಗುತ್ತದೆ. ಇತ್ತೀಚಿನ ಲೆವೆಟಿರಾಸಿಟಮ್ ಎಂಬುದು ಮಿಕ್ಕ ಮದ್ದುಗಳೊಡನೆ ಅಷ್ಟಾಗಿ ಜಗಳವಾಡುವುದಿಲ್ಲ. ಆದರೆ ನುಂಗಿದವರಲ್ಲಿ ಕೆಲವರು ಮನೆಮಂದಿಯೊಡನೆ ಜಗಳವಾಡುತ್ತಾರೆ.

ಈ ಕೊನೆಯ ಮಾತನ್ನು ನಾನು ತಮಾಷೆಗಾಗಿ ಹೇಳಲಿಲ್ಲ. ಸಿಡುಕು ಈ ಮದ್ದಿನ ಅಡ್ಡ ಪರಿಣಾಮಗಳಲ್ಲಿ ಒಂದೆಂದು ವೈದ್ಯಗ್ರಂಥಗಳಲ್ಲಿಯೇ ಇದೆ. ಹಾಲು ಚೆಲ್ಲಿದ ಮಗುವಿಗೆ ಹಿಂದೆಂದೂ ಕೈಯೆತ್ತದ ತಾಯಿ ಒಂದು ದಿನ ಪಟಪಟನೆ ಬಾರಿಸುತ್ತಾಳೆ, ಆಮೇಲೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ತಾನೇ ಅಳುತ್ತಾಳೆ. ತನ್ನ ಸ್ವಭಾವವೇ ಕೆಟ್ಟುಹೋಯಿತೆಂದು ಆಕೆ ತಿಳಿಯುತ್ತಾಳೆ; ಮನೆಯವರೂ ಹಾಗೆಯೇ ತಿಳಿಯುತ್ತಾರೆ. ಮಾತ್ರೆ ಬದಲಾದದ್ದು ಯಾವ ತಿಂಗಳು, ಸಿಡುಕು ಶುರುವಾದದ್ದು ಯಾವ ತಿಂಗಳು ಎಂದು ಯಾರೂ ಪಂಚಾಂಗ ತಿರುವಿ ನೋಡುವುದಿಲ್ಲ. ನೋಡಿ ವೈದ್ಯರಿಗೆ ಹೇಳಿದರೆ ಪ್ರಮಾಣ ತಗ್ಗಿಸಬಹುದು, ಬೇರೆ ಮದ್ದಿಗೆ ಮೆಲ್ಲನೆ ದಾಟಿಸಬಹುದು. ಮನಸ್ಸು ತೀರ ಕುಗ್ಗಿ ಬದುಕೇ ಬೇಡವೆನಿಸತೊಡಗಿದರಂತೂ ಮುಂದಿನ ಭೇಟಿಯ ದಿನಕ್ಕೆ ಕಾಯಕೂಡದು, ಅಂದೇ ಹೋಗತಕ್ಕದ್ದು.

ಅರ್ಧ ಮಾತ್ರೆಯ ಲೆಕ್ಕಕ್ಕೆ ಬರೋಣ. ಆ ತಾಯಿಯ ತಕ್ಕಡಿಯಲ್ಲಿ ಒಂದು ಕಡೆ ಮಂಪರು ಇದೆ, ಇನ್ನೊಂದು ಕಡೆ ಮಗುವಿನ ಅಳು ಇದೆ. ಸೆಳವು ಅದರಲ್ಲಿ ಇಲ್ಲವೇ ಇಲ್ಲ, ಏಕೆಂದರೆ ಸೆಳವು ಬಂದು ಎಂಟು ತಿಂಗಳಾಗಿದೆ. ಎಂಟು ತಿಂಗಳು ಬಾರದೆ ಇದ್ದುದು ಆ ಎರಡನೆಯ ಮಾತ್ರೆಯ ದಯೆಯಿಂದ ಎಂಬುದು ಲೆಕ್ಕದಲ್ಲಿ ಬಿಟ್ಟುಹೋಗುತ್ತದೆ. ಇದಲ್ಲದೆ ನಿದ್ದೆಗೇಡು ಎಂಬುದು ಸೆಳವನ್ನು ಕರೆತರುವ ಕಾರಣಗಳಲ್ಲಿ ಬಹಳ ದೊಡ್ಡದು. ಮೂರು ಸಲ ಎದ್ದು ಹಾಲೂಡಿಸುವ ತಾಯಿಯ ನಿದ್ದೆ ಹರಿದ ಬಟ್ಟೆಯಂತಾಗಿರುತ್ತದೆ. ಹೀಗಾಗಿ ಮದ್ದು ಹೆಚ್ಚು ಬೇಕಾದ ಕಾಲದಲ್ಲಿಯೇ ಆಕೆ ಅದನ್ನು ಅರ್ಧಕ್ಕೆ ಇಳಿಸಿರುತ್ತಾಳೆ. ಒಮ್ಮೆಗೇ ನಿಲ್ಲಿಸುವುದು ಇನ್ನೂ ಅಪಾಯ. ಒಂದರ ಮೇಲೊಂದು ನಿಲ್ಲದೆ ಬರುವ ಸೆಳವಿಗೆ ಮದ್ದನ್ನು ಹಠಾತ್ತಾಗಿ ಬಿಡುವುದು ಮುಖ್ಯ ಕಾರಣಗಳಲ್ಲೊಂದು. ಅದರಿಂದ ಪ್ರಾಣಕ್ಕೇ ಸಂಚಕಾರ ಬರಬಹುದು.

ಹಾಗಾದರೆ ಮಂಪರನ್ನು ಸಹಿಸಿಕೊಂಡು ಬಿದ್ದಿರಬೇಕೆ? ಖಂಡಿತ ಬೇಡ. ಮಂಪರಿನ ದೂರು ಸುಳ್ಳಲ್ಲ, ಸಣ್ಣದೂ ಅಲ್ಲ. ಅದನ್ನು "ಅಭ್ಯಾಸವಾಗುತ್ತದೆ ಬಿಡಮ್ಮ" ಎಂದು ತಳ್ಳಿಹಾಕುವ ವೈದ್ಯರ ಮೇಲೆ ನನಗೆ ಗೌರವ ಸ್ವಲ್ಪ ಕಡಿಮೆ. ಅಭ್ಯಾಸವಾಗುವುದೂ ಉಂಟು, ಹೊಸದಾಗಿ ಶುರುಮಾಡಿದ ಮದ್ದಿನ ತೂಕಡಿಕೆ ಎರಡು ಮೂರು ವಾರಗಳಲ್ಲಿ ಎಷ್ಟೋ ಮಂದಿಗೆ ತಿಳಿಯಾಗುತ್ತದೆ. ತಿಂಗಳೆರಡಾದರೂ ಆಗದಿದ್ದರೆ ಮಾಡಬಹುದಾದ ಉಪಾಯಗಳಿವೆ. ಕೆಲವು ಮದ್ದುಗಳನ್ನು ಮಲಗುವ ಹೊತ್ತಿಗೆ ಕೊಡುವ ಬದಲು ಸಂಜೆಗೆ ಸರಿಸಬಹುದು. ನುಂಗಿದೊಡನೆ ತಲೆ ಸುತ್ತುವ ಕಾರ್ಬಮಜೆಪಿನ್‌ನಂಥದಕ್ಕೆ, ಹೊಟ್ಟೆಯಲ್ಲಿ ಮೆಲ್ಲಮೆಲ್ಲನೆ ಕರಗುವ ಮಾತ್ರೆಯೇ ಬೇರೆ ಇದೆ. ಎರಡು ಮದ್ದು ಬೆರೆತು ಮಂಪರು ಹೆಚ್ಚಾಗಿದ್ದರೆ ಒಂದನ್ನು ವಾರವಾರಕ್ಕೂ ಇಳಿಸುತ್ತ ಬಿಡಿಸಬಹುದು. ಇವೆಲ್ಲ ವೈದ್ಯರ ಕೈಯಲ್ಲಿರುವ ಕೆಲಸ. ಮನೆಯಲ್ಲಿ ಮಾತ್ರೆಯನ್ನು ಚಾಕುವಿನಿಂದ ಎರಡು ಹೋಳು ಮಾಡಿಕೊಳ್ಳುವ ಕೆಲಸವಲ್ಲ. ನಾನು ಈಗ ಹೇಳಿದ ಮೆಲ್ಲನೆ ಕರಗುವ ಮಾತ್ರೆಯಂತೂ ಪುಡಿ ಮಾಡಿದರೆ ತನ್ನ ಗುಣವನ್ನೇ ಕಳೆದುಕೊಳ್ಳುತ್ತದೆ.

ಕೆಲವು ವೇಳೆ ತೂಕ ನಿಜವಾಗಿಯೂ ಕಷ್ಟವಾಗುತ್ತದೆ. ಒಂದು ಉದಾಹರಣೆ ಹೇಳುತ್ತೇನೆ. ಹದಿಹರೆಯದಲ್ಲಿ ತೊಡಗುವ ಒಂದು ಬಗೆಯ ಅಪಸ್ಮಾರದಲ್ಲಿ ಬೆಳಗ್ಗೆ ಎದ್ದ ಅರ್ಧ ಗಂಟೆಯೊಳಗೆ ಕೈಗಳು ಛಕ್ಕನೆ ಜಗ್ಗುತ್ತವೆ. ಕಾಫಿಯ ಲೋಟ ಹಾರಿ ಬೀಳುತ್ತದೆ, ಹಲ್ಲುಜ್ಜುವ ಬ್ರಷ್ಷು ಕೈಜಾರುತ್ತದೆ. ಮನೆಯವರು ಇದನ್ನು ಹುಡುಗಿಯ ಅಜಾಗರೂಕತೆ ಎಂದು ಬೈದು ಸುಮ್ಮನಾಗುತ್ತಾರೆ. ನಿದ್ದೆಗೆಟ್ಟ ಮರುದಿನ ಪೂರ್ತಿ ಸೆಳವೇ ಬಂದು ಬಿದ್ದಾಗ ರೋಗ ಗೊತ್ತಾಗುತ್ತದೆ. ಈ ಬಗೆಗೆ ವ್ಯಾಲ್ಪ್ರೋಯೇಟ್ ಬಹಳ ಚೆನ್ನಾಗಿ ಒಗ್ಗುತ್ತದೆ. ಕಾರ್ಬಮಜೆಪಿನ್ ಕೊಟ್ಟರೆ ಜಗ್ಗುವಿಕೆ ಹೆಚ್ಚುವುದೂ ಉಂಟು. ಆದರೆ ಗರ್ಭದಲ್ಲಿರುವ ಮಗುವಿಗೆ ವ್ಯಾಲ್ಪ್ರೋಯೇಟಿನಷ್ಟು ಕೆಡುಕು ಮಾಡುವ ಅಪಸ್ಮಾರದ ಮದ್ದು ಇನ್ನೊಂದಿಲ್ಲವೆನ್ನಬಹುದು. ಸಾಮಾನ್ಯವಾಗಿ ಹುಟ್ಟುವ ನೂರು ಮಕ್ಕಳಲ್ಲಿ ಎರಡು ಮೂರಕ್ಕೆ ಅಂಗದೋಷವಿದ್ದರೆ, ಈ ಮದ್ದು ನುಂಗಿದ ತಾಯಂದಿರ ಮಕ್ಕಳಲ್ಲಿ ಸುಮಾರು ಹತ್ತಕ್ಕೆ ಇರುತ್ತದೆ. ಬೆಳೆಯುತ್ತ ಮಾತು, ಬುದ್ಧಿ, ನೆನಪು ಹಿಂದೆ ಬೀಳುವುದು ನೂರರಲ್ಲಿ ಮೂವತ್ತರಿಂದ ನಲವತ್ತು ಮಕ್ಕಳಲ್ಲಿ ಕಂಡಿದೆ. ಪ್ರಮಾಣ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಆದುದರಿಂದ 2018ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆಯವರು, ಗರ್ಭ ತಡೆಯುವ ಖಚಿತ ಏರ್ಪಾಡಿಲ್ಲದೆ ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ಇದನ್ನು ಕೊಡಕೂಡದೆಂದು ವಿಧಿಸಿದರು.

ಹೀಗಿರುವಾಗ ಮೊದಲ ಮಗುವಿಗೆ ನಾಲ್ಕು ವರ್ಷ, ಎರಡನೆಯದು ಬೇಕೆಂಬ ಆಸೆ, ವ್ಯಾಲ್ಪ್ರೋಯೇಟಿನಿಂದ ಐದು ವರ್ಷ ಒಂದೂ ಸೆಳವಿಲ್ಲ ಎಂಬ ತಾಯಿ ಏನು ಮಾಡಬೇಕು? ಮದ್ದು ಬದಲಿಸಿದರೆ ಸೆಳವು ಮರಳೀತು. ಮರಳಿದ ದಿನ ಆಕೆ ಆ ನಾಲ್ಕು ವರ್ಷದ ಮಗುವಿನ ಕೈಹಿಡಿದು ರಸ್ತೆ ದಾಟುತ್ತಿರಬಹುದು. ಬದಲಿಸದಿದ್ದರೆ ಹುಟ್ಟಲಿರುವ ಮಗುವಿಗೆ ಅಪಾಯ. ಇರುವ ಮಗುವನ್ನೂ ಬರುವ ಮಗುವನ್ನೂ ಒಂದೇ ತಕ್ಕಡಿಗೆ ಹಾಕುವ ಕಷ್ಟ ಇದು. ಇಲ್ಲಿ ಸಮಯವೇ ದೊಡ್ಡ ಸಹಾಯ. ಗರ್ಭ ನಿಲ್ಲುವ ಆರು ತಿಂಗಳು, ಸಾಧ್ಯವಾದರೆ ವರ್ಷ ಮೊದಲೇ ನರರೋಗ ತಜ್ಞರ ಮುಂದೆ ಕುಳಿತರೆ, ಲೆವೆಟಿರಾಸಿಟಮ್ ಅಥವಾ ಲ್ಯಾಮೋಟ್ರಿಜಿನ್‌ಗೆ ನಿಧಾನವಾಗಿ ದಾಟಬಹುದು. ಹೊಸ ಮದ್ದು ಸೆಳವನ್ನು ತಡೆಯುತ್ತದೆಯೇ ಎಂದು ನೋಡಿಕೊಳ್ಳಲು ಕಾಲಾವಕಾಶವಿರುತ್ತದೆ. ಫೋಲಿಕ್ ಆಮ್ಲದ ಮಾತ್ರೆಯನ್ನೂ ಮೊದಲಿನಿಂದಲೇ ತೊಡಗಬಹುದು. ಗರ್ಭ ನಿಂತು ಮೂರು ತಿಂಗಳಾದ ಮೇಲೆ ಓಡಿಬಂದರೆ ಮಗುವಿನ ಅಂಗಾಂಗಗಳು ರೂಪುಗೊಳ್ಳುವ ಮುಖ್ಯ ಘಟ್ಟ ದಾಟಿಹೋಗಿರುತ್ತದೆ. ಹಾಗೆಂದು ಗಾಬರಿಯಿಂದ ಅಂದೇ ಮಾತ್ರೆಗಳನ್ನು ಮೋರಿಗೆ ಎಸೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ಬಸುರಿಯಲ್ಲಿ ದೊಡ್ಡ ಸೆಳವು ತಾಯಿಗೂ ಒಳಗಿನ ಕೂಸಿಗೂ ಗಂಡಾಂತರ.

ಇಂಥ ತಾಯಂದಿರ ಅನುಭವವನ್ನು ದಾಖಲೆ ಮಾಡುವ ಕೆಲಸ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ 1998ರಲ್ಲಿ ಆರಂಭವಾಯಿತು. ಬಸುರಿಯಿಂದ ಹಿಡಿದು ಮಗು ಬೆಳೆಯುವವರೆಗೆ ಅಲ್ಲಿ ಗಮನಿಸುತ್ತ ಬಂದಿದ್ದಾರೆ. ಅಲ್ಲಿಯೂ ಬೇರೆ ದೇಶಗಳಲ್ಲಿಯೂ ಕಂಡ ಸಮಾಧಾನದ ಸಂಗತಿಯೆಂದರೆ, ಅಪಸ್ಮಾರವಿರುವ ತಾಯಂದಿರಲ್ಲಿ ಬಹುಪಾಲು ಮಂದಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತವೆ. ಮೊಲೆಹಾಲಿನ ವಿಷಯದಲ್ಲಿಯೂ ಅನಾವಶ್ಯಕ ಹೆದರಿಕೆ ಇದೆ. ಮದ್ದು ಸ್ವಲ್ಪಮಟ್ಟಿಗೆ ಹಾಲಿಗೆ ಇಳಿಯುತ್ತದೆ, ನಿಜ. ಆದರೂ ಹಾಲೂಡಿಸಬಹುದು, ಊಡಿಸುವುದೇ ಒಳ್ಳೆಯದು ಎಂಬುದು ಇಂದಿನ ತಜ್ಞರ ಅಭಿಪ್ರಾಯ. ಫಿನೋಬಾರ್ಬಿಟೋನ್ ನುಂಗುವ ತಾಯಿಯ ಕೂಸು ತೀರ ಮಂಕಾಗಿ, ಹಾಲು ಕುಡಿಯಲೂ ಏಳದೆ ಮಲಗಿಯೇ ಇದ್ದರೆ ಮಾತ್ರ ವೈದ್ಯರಿಗೆ ತೋರಿಸಬೇಕು.

ಲ್ಯಾಮೋಟ್ರಿಜಿನ್ ತೆಗೆದುಕೊಳ್ಳುವವರು ಇನ್ನೊಂದು ಮಾತು ನೆನಪಿಡಬೇಕು. ಬಸುರಿಯಲ್ಲಿ ಮೈ ಆ ಮದ್ದನ್ನು ಬೇಗಬೇಗ ಹೊರಹಾಕುವುದರಿಂದ ವೈದ್ಯರು ಪ್ರಮಾಣ ಏರಿಸಿರುತ್ತಾರೆ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಮೈ ಮೊದಲಿನ ಸ್ಥಿತಿಗೆ ಬರುತ್ತದೆ. ಏರಿಸಿದ್ದನ್ನು ಆಗ ಇಳಿಸದಿದ್ದರೆ ಬಾಣಂತಿಗೆ ತಲೆಸುತ್ತು, ಒಂದು ಎರಡಾಗಿ ಕಾಣುವುದು, ತೂರಾಟ. ಅದನ್ನು ಬಾಣಂತಿಯ ನಿಶ್ಶಕ್ತಿ ಎಂದುಕೊಂಡು ಇನ್ನಷ್ಟು ತುಪ್ಪ ಬಡಿಸುತ್ತಾರೆ!

ಇಷ್ಟೆಲ್ಲ ಉಪಾಯವಿದ್ದರೂ ಕದ್ದು ಮಾತ್ರೆ ಬಿಡುವ ಅಭ್ಯಾಸ ಏಕೆ ಉಳಿದಿದೆ? ಕದ್ದು ಮಾತ್ರೆ ನುಂಗುವ ಅಭ್ಯಾಸವಿರುವುದರಿಂದ. ಹುಡುಗಿಗೆ ಮೂರ್ಛೆರೋಗವಿರುವುದನ್ನು ತವರಿನವರು ಮುಚ್ಚಿಟ್ಟು ಮದುವೆ ಮಾಡುತ್ತಾರೆ. ಮಾತ್ರೆಯ ಪಟ್ಟಿ ಸೀರೆಯ ಮಡಿಕೆಗಳ ನಡುವೆ ಸೇರುತ್ತದೆ. ಹಿಂದೂ ವಿವಾಹ ಕಾನೂನಿನಲ್ಲಿಯೂ 1976ರ ತಿದ್ದುಪಡಿಯ ನಂತರ, ಪದೇ ಪದೇ ಬರುವ ಅಪಸ್ಮಾರವು ಮದುವೆಯನ್ನು ರದ್ದುಪಡಿಸಲು ಒಂದು ಆಧಾರವಾಗಿತ್ತು. 1999ರಲ್ಲಿ ಆ ಪದವನ್ನು ತೆಗೆದುಹಾಕಲಾಯಿತು. ಕಾನೂನಿನ ಪುಸ್ತಕದಿಂದ ಹೋದ ಪದ ಬೀಗರ ಬಾಯಿಂದ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಗುಟ್ಟಿನಲ್ಲಿ ನುಂಗುವವಳು ಗುಟ್ಟಿನಲ್ಲಿಯೇ ಬಿಡುತ್ತಾಳೆ. ಮಂಪರು ಇದೆ, ರಾತ್ರಿ ಮಗುವನ್ನು ನೀವು ನೋಡಿಕೊಳ್ಳಿ ಎಂದು ಯಾರನ್ನು ಕೇಳಬೇಕು? ಮಂಪರು ಏತಕ್ಕೆ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಆದುದರಿಂದ ಮಾತ್ರೆಯ ಅಡ್ಡ ಪರಿಣಾಮದ ಪ್ರಶ್ನೆ ಅರ್ಧ ವೈದ್ಯರದ್ದಾದರೆ ಅರ್ಧ ಮನೆಯವರದ್ದು.

ಮನೆಯವರು ಮಾಡಬಹುದಾದದ್ದು ಬಹಳ ದೊಡ್ಡದೇನೂ ಅಲ್ಲ. ರಾತ್ರಿ ಒಂದು ಸರದಿಯನ್ನು ಗಂಡನೋ ಅತ್ತೆಯವರೋ ವಹಿಸಿಕೊಂಡು, ಹಿಂಡಿಟ್ಟ ಹಾಲನ್ನು ಕುಡಿಸಿದರೆ ತಾಯಿಗೆ ಒಂದೇ ಸಮನೆ ನಾಲ್ಕೈದು ಗಂಟೆ ನಿದ್ದೆ ದೊರೆಯುತ್ತದೆ. ಆಕೆ ಎರಡು ಮಾತ್ರೆಯನ್ನೂ ನಿಶ್ಚಿಂತೆಯಿಂದ ನುಂಗಬಹುದು. ಕೂಸಿನ ಬಟ್ಟೆ ಬದಲಿಸುವುದನ್ನು ಮಂಚದ ಮೇಲೆ ಮಾಡದೆ ನೆಲದ ಚಾಪೆಯ ಮೇಲೆ ಮಾಡಬೇಕು. ಕಾಲು ಚಾಚಿ ಕುಳಿತು ಕೂಸಿಗೆ ನೀರೆರೆಯುವ ಕೆಲಸವನ್ನು ಸೆಳವು ಇನ್ನೂ ಹಿಡಿತಕ್ಕೆ ಬಾರದ ತಾಯಿ ಒಬ್ಬಳೇ ಇರುವಾಗ ಮಾಡಕೂಡದು. ಜೊತೆಗೆ ಯಾರೂ ಇಲ್ಲದ ದಿನ ಒದ್ದೆ ಬಟ್ಟೆಯಿಂದ ಮೈ ಒರೆಸಿದರೆ ಸಾಕು. ಬಾವಿಯಿಂದ ನೀರು ಸೇದುವುದು, ಕುದಿಯುವ ಸಾರಿನ ಪಾತ್ರೆಯನ್ನು ಕೂಸು ಕಂಕುಳಲ್ಲಿರುವಾಗ ಇಳಿಸುವುದು, ಇವೂ ಹಾಗೆಯೇ. ತಂದೆಗೆ ಈ ರೋಗವಿದ್ದರೆ ಮಾತು ಸ್ಕೂಟರಿಗೆ ಬರುತ್ತದೆ. ಚಾಲನಾ ಪರವಾನಗಿಯ ಅರ್ಜಿಯಲ್ಲಿಯೇ ಅಪಸ್ಮಾರದ ಪ್ರಶ್ನೆ ಇದೆ. ಅಲ್ಲಿ ಇಲ್ಲವೆಂದು ಬರೆದು, ಮಗುವನ್ನು ಮುಂದೆ ನಿಲ್ಲಿಸಿಕೊಂಡು ಶಾಲೆಗೆ ಬಿಡುವ ತಂದೆಯ ಧೈರ್ಯವನ್ನು ನಾನು ಮೆಚ್ಚಲಾರೆ.

ನಮ್ಮ ನಾಡಿನದೇ ಆದ ಒಂದು ಬಗೆಯನ್ನು ಇಲ್ಲಿ ಹೇಳಲೇಬೇಕು. ಮೈಸೂರಿನ ಸುತ್ತಮುತ್ತ ಹೆಚ್ಚಾಗಿ ಕಾಣುವ ಬಿಸಿನೀರಿನ ಅಪಸ್ಮಾರ, ಹಂಡೆಯ ಬಿಸಿನೀರನ್ನು ಚೊಂಬುಚೊಂಬಾಗಿ ತಲೆಯ ಮೇಲೆ ಸುರಿದುಕೊಂಡಾಗ ಮಾತ್ರ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಇದನ್ನು ವಿಶೇಷವಾಗಿ ಅಭ್ಯಾಸ ಮಾಡಿದ್ದಾರೆ. ಇಂಥವರಲ್ಲಿ ಎಷ್ಟೋ ಮಂದಿಗೆ ದಿನವೂ ಮಾತ್ರೆ ನುಂಗಿ ದಿನವೂ ತೂಕಡಿಸುವ ಅಗತ್ಯವಿಲ್ಲ. ನೀರಿನ ಬಿಸಿ ತಗ್ಗಿಸಿದರೆ ಕೆಲವರಿಗೆ ಅಷ್ಟೇ ಸಾಕಾಗುತ್ತದೆ; ಇನ್ನು ಕೆಲವರಿಗೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೋಬಜಾಮ್ ಎಂಬ ಮಾತ್ರೆಯನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಸಾಕು. ಸೆಳವು ಯಾವಾಗ ಬಂತು, ಏನು ಮಾಡುತ್ತಿದ್ದಾಗ ಬಂತು ಎಂಬುದನ್ನು ವಿವರವಾಗಿ ಹೇಳಿದವರಿಗೆ ಮಾತ್ರ ಸಿಗುವ ಲಾಭ ಇದು.

ಅಂಥ ವಿವರವನ್ನು ವೈದ್ಯರ ಮುಂದೆ ಹೇಳುವವರು ಯಾರು? ಸಾಮಾನ್ಯವಾಗಿ ಗಂಡ. "ಚೆನ್ನಾಗಿದ್ದಾಳೆ ಡಾಕ್ಟರೆ, ಫಿಟ್ಸ್ ಏನೂ ಬಂದಿಲ್ಲ" ಎಂದು ಆತ ಹೇಳಿ ಮುಗಿಸುವಷ್ಟರಲ್ಲಿ ಹಳೆಯ ಚೀಟಿಯೇ ಹೊಸದಾಗಿ ಬರೆದು ಕೈಗೆ ಬಂದಿರುತ್ತದೆ. ಆಕೆಯ ಮಂಪರು ಆಕೆಯ ಬಾಯಲ್ಲಿಯೇ ಉಳಿಯುತ್ತದೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿಯೇ ನಾಲ್ಕು ಗುರುತು ಹಾಕಿಕೊಂಡು ಹೋಗುವುದು ಒಳ್ಳೆಯದು: ಸೆಳವು ಬಂದ ದಿನ, ಮಾತ್ರೆ ತಪ್ಪಿದ ದಿನ, ನಿದ್ದೆಗೆಟ್ಟ ರಾತ್ರಿ, ಹಗಲು ತೂಕಡಿಕೆ ಹೆಚ್ಚಾದ ಹೊತ್ತು. ಮಾತ್ರೆ ಬಿಟ್ಟದ್ದನ್ನು ಮುಚ್ಚಿಡಕೂಡದು. ಮುಚ್ಚಿಟ್ಟರೆ, ಮದ್ದು ಸಾಲುತ್ತಿಲ್ಲವೆಂದು ತಿಳಿದು ವೈದ್ಯರು ಪ್ರಮಾಣ ಏರಿಸುತ್ತಾರೆ, ಮಂಪರೂ ಏರುತ್ತದೆ.

ಇನ್ನು ಮಕ್ಕಳು. ಐದಾರು ವರ್ಷದ ಮಗುವಿಗೆ ಅಮ್ಮನ ರೋಗವನ್ನು ಹೇಳಬೇಕೆ, ಬೇಡವೆ ಎಂದು ಕೇಳುವವರಿದ್ದಾರೆ. ಹೇಳಬೇಕು. ಹೇಳದಿದ್ದರೂ ಒಂದು ದಿನ ಅದು ನೋಡುತ್ತದೆ. "ಅಮ್ಮನಿಗೆ ಒಮ್ಮೊಮ್ಮೆ ಮೈ ನಡುಗಿ ಎಚ್ಚರ ತಪ್ಪುತ್ತದೆ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ, ನೀನು ಮಾಡಿದ ತಪ್ಪಿನಿಂದ ಬಂದದ್ದಲ್ಲ" ಎಂದರೆ ಮಗುವಿಗೆ ಅರ್ಥವಾಗುತ್ತದೆ. ಓಡಿಹೋಗಿ ಪಕ್ಕದ ಮನೆಯ ಅಜ್ಜಿಯನ್ನು ಕರೆತರುವುದು ಅದರ ಕೆಲಸ. ಬಂದ ದೊಡ್ಡವರ ಕೆಲಸ ಬಿದ್ದವಳನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಗಡಿಯಾರ ನೋಡುವುದು. ಕೈಗೆ ಬೀಗದ ಕೈ ತುರುಕುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಹಲ್ಲುಗಳ ನಡುವೆ ಚಮಚ ಇಡುವುದು ಯಾವುದೂ ಬೇಡ. ಪೂರ್ತಿ ಎಚ್ಚರವಾಗುವ ತನಕ ಬಾಯಿಗೆ ನೀರನ್ನೂ ಹಾಕಬಾರದು. ಸೆಳವು ಐದು ನಿಮಿಷ ಮೀರಿದರೆ, ಅಥವಾ ಎಚ್ಚರವಾಗದೆಯೇ ಮತ್ತೆ ಬಂದರೆ, 108ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಸೇರಿಸತಕ್ಕದ್ದು. ಹೋಗುವಾಗ ಆಕೆ ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನು ಜೊತೆಗೆ ಒಯ್ಯಬೇಕು.